ಅಥೆನ್ಸಿನವರು ಅಧಿಕಾರಿಗಳನ್ನು ಚೀಟಿ ಎತ್ತಿ ನೇಮಿಸುತ್ತಿದ್ದುದೇಕೆ?

ಹೊಂಗೆನೆರಳು:

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಪ್ರಾಚೀನ ಗ್ರೀಕರ ಪಾಠ ಮುಗಿಸಿದ ದಿನ ಒಬ್ಬ ವಿದ್ಯಾರ್ಥಿನಿ, "ಮಿಸ್, ಅಥೆನ್ಸಿನವರು ಅಧಿಕಾರಿಗಳನ್ನು ಆರಿಸಲು ಓಟು ಹೇಗೆ ಹಾಕುತ್ತಿದ್ದರು?" ಎಂದು ಕೇಳಿದಳು. ನಾಳೆ ಹೇಳುತ್ತೇನೆ ಎಂದು ಮನೆಗೆ ಬಂದು ಓದಲು ಕುಳಿತಾಗ, ಹೆಚ್ಚಿನ ಹುದ್ದೆಗಳಿಗೆ ಅವರು ಓಟು ಹಾಕುತ್ತಲೇ ಇರಲಿಲ್ಲ, ಚೀಟಿ ಎತ್ತುತ್ತಿದ್ದರು ಎಂಬುದು ತಿಳಿದು ಬೆರಗಾದೆ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ಅರಿಸ್ಟಾಟಲನ ಮಾತು. ಅಧಿಕಾರಿಗಳನ್ನು ಚೀಟಿಯಿಂದ ನೇಮಿಸುವುದು ಪ್ರಜಾಪ್ರಭುತ್ವದ ಲಕ್ಷಣವೆಂದೂ, ಚುನಾವಣೆಯಿಂದ ಆರಿಸುವುದು ಕೆಲವೇ ಜನರ ಆಳ್ವಿಕೆಯ ಲಕ್ಷಣವೆಂದೂ ತಿಳಿಯಲಾಗುತ್ತದೆ ಎಂದು ಅವನು ಬರೆಯುತ್ತಾನೆ. ಚುನಾವಣೆಯೇ ಪ್ರಜಾಪ್ರಭುತ್ವದ ಜೀವಾಳ ಎಂದು ವರ್ಷಗಟ್ಟಲೆ ಹೇಳಿಕೊಡುತ್ತ ಬಂದಿರುವ ನನಗೆ ಇದನ್ನು ತರಗತಿಯಲ್ಲಿ ಹೇಗೆ ವಿವರಿಸಬೇಕೆಂದು ತೋಚುತ್ತಿಲ್ಲ. ಯಾರ ಹೆಸರು ಬಂದರೆ ಅವರು ಎಂಬ ಏರ್ಪಾಡನ್ನು ನಂಬಿ ಒಂದು ನಗರ ಸುಮಾರು ಎರಡು ಶತಮಾನ ಹೇಗೆ ಬಾಳಿತು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಓಲೆಗರಿ:

ನಿಮ್ಮ ವಿದ್ಯಾರ್ಥಿನಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. ಉತ್ತರವನ್ನು ಕ್ರಿ.ಪೂ. 508ರ ಸುಮಾರಿಗೆ ಕ್ಲೈಸ್ತೆನೀಸ್ ಮಾಡಿದ ವಿಂಗಡಣೆಯಿಂದ ಆರಂಭಿಸಬೇಕಾಗುತ್ತದೆ. ಅದಕ್ಕೂ ಮೊದಲು ಅಥೆನ್ಸಿನ ರಾಜಕೀಯವೆಂದರೆ ಕೆಲವು ದೊಡ್ಡ ಮನೆತನಗಳ ಪೈಪೋಟಿಯೇ ಆಗಿತ್ತು. ಕರಾವಳಿಯವರು ಒಂದು ಮನೆತನದ ಹಿಂದೆ, ಬಯಲಿನವರು ಮತ್ತೊಂದರ ಹಿಂದೆ ನಿಲ್ಲುತ್ತಿದ್ದರು. ಕ್ಲೈಸ್ತೆನೀಸ್ ಇಡೀ ಆಟಿಕಾ ಪ್ರಾಂತ್ಯದ ಜನರನ್ನು ಹತ್ತು ಹೊಸ ಬಣಗಳಾಗಿ ವಿಂಗಡಿಸಿದ, ಮತ್ತು ಪ್ರತಿಯೊಂದು ಬಣದಲ್ಲಿಯೂ ನಗರದ ಒಂದು ಭಾಗ, ಕರಾವಳಿಯ ಒಂದು ಭಾಗ, ಒಳನಾಡಿನ ಒಂದು ಭಾಗ ಕಡ್ಡಾಯವಾಗಿ ಇರುವಂತೆ ನೋಡಿಕೊಂಡ. ಬಣಗಳ ಬುಡದಲ್ಲಿ ಇದ್ದದ್ದು 139 ಊರು ಮತ್ತು ಕೇರಿಗಳು. ಇವುಗಳನ್ನು ಅವರು ಡೀಮ್ ಎನ್ನುತ್ತಿದ್ದರು. ಹೀಗಾಗಿ ಮೀನುಗಾರ, ಕುಂಬಾರ, ಆಲಿವ್ ತೋಟದ ರೈತ ಒಂದೇ ಬಣದಲ್ಲಿ ಕುಳಿತು ಒಂದೇ ಪಡೆಯಲ್ಲಿ ಹೋರಾಡಬೇಕಾಯಿತು.

ಪ್ರತಿ ಬಣದಿಂದ 50 ಮಂದಿ ಸೇರಿ 500 ಜನರ ಸಭೆಯೊಂದು ರಚನೆಯಾಗುತ್ತಿತ್ತು. ಅದರ ಹೆಸರು ಬೂಲೆ. ಇವರೆಲ್ಲರೂ 30 ವರ್ಷ ದಾಟಿದವರಾಗಿರಬೇಕಿತ್ತು, ಚೀಟಿಯಿಂದ ಬಂದವರಾಗಿರುತ್ತಿದ್ದರು, ಒಂದು ವರ್ಷ ಮಾತ್ರ ಇರುತ್ತಿದ್ದರು, ಮತ್ತು ಜೀವಮಾನದಲ್ಲಿ ಎರಡು ಸಲಕ್ಕಿಂತ ಹೆಚ್ಚು ಈ ಸಭೆಯಲ್ಲಿ ಕೂರುವಂತಿರಲಿಲ್ಲ. ವರ್ಷವನ್ನು ಹತ್ತು ಅವಧಿಗಳಾಗಿ ವಿಂಗಡಿಸಿ, ಮೊದಲ ನಾಲ್ಕು ಬಣಗಳು 36 ದಿನಗಳಂತೆ, ಉಳಿದ ಆರು 35 ದಿನಗಳಂತೆ ಸರದಿಯ ಮೇಲೆ ಆಡಳಿತ ನಡೆಸುತ್ತಿದ್ದವು. ಕೂಡಿದರೆ 354, ಅಂದರೆ ಒಂದು ಚಾಂದ್ರಮಾನ ವರ್ಷ. ಆ ಐವತ್ತು ಜನರಲ್ಲಿ ಒಬ್ಬನನ್ನು ಪ್ರತಿದಿನವೂ ಮತ್ತೆ ಚೀಟಿಯಿಂದಲೇ ಅಧ್ಯಕ್ಷನಾಗಿ ಆರಿಸುತ್ತಿದ್ದರು. ಒಂದು ಹಗಲು, ಒಂದು ರಾತ್ರಿ ಮಾತ್ರ ಅವನ ಅಧಿಕಾರ. ಎರಡನೆಯ ಸಲ ಅದು ಅವನಿಗೆ ಸಿಗುವಂತಿರಲಿಲ್ಲ. ಆ ಒಂದು ದಿನ ಹಣ ಮತ್ತು ದಾಖಲೆಗಳಿರುವ ದೇವಾಲಯಗಳ ಬೀಗದ ಕೈಗಳೂ ನಗರದ ಮುದ್ರೆಯೂ ಅವನ ಬಳಿ ಇರುತ್ತಿದ್ದವು. ಅಂದು ಪೌರರೆಲ್ಲರ ಜನಸಭೆ ಸೇರಿದರೆ, ಕ್ರಿ.ಪೂ. 5ನೆಯ ಶತಮಾನದಲ್ಲಿ ಅದರ ಅಧ್ಯಕ್ಷತೆಯೂ ಅವನದೇ.

ಮೂವತ್ತು ದಾಟಿದ ಪೌರರು ಕೆಲವು ಹತ್ತು ಸಾವಿರಗಳಷ್ಟೇ ಇದ್ದ ನಾಡಿನಲ್ಲಿ, ವರ್ಷಕ್ಕೆ ಐನೂರು ಜನ ಸಭೆಗೆ ಬೇಕಾದಾಗ, ಎಷ್ಟು ಮನೆಗಳಲ್ಲಿ ಒಬ್ಬನಾದರೂ ಸಭೆಯಲ್ಲಿ ಕುಳಿತು ಎದ್ದವನಿರುತ್ತಿದ್ದ ಎಂಬುದನ್ನು ಯೋಚಿಸಿ ನೋಡಿ. ನಿಮ್ಮ ಮಕ್ಕಳಿಗೆ ಈ ಲೆಕ್ಕವನ್ನೇ ಮಾಡಲು ಕೊಡಬಹುದು.

ಕಡಲಂಚು:

ವಿವರಕ್ಕೆ ವಂದನೆಗಳು. ಆದರೆ ಈ ಪದ್ಧತಿಯನ್ನು ಆ ಕಾಲದವರೇ ಪ್ರಶ್ನಿಸಿದ್ದರು ಎಂಬುದನ್ನು ಮರೆಯಬಾರದು. ಹಡಗು ನಡೆಸುವವನನ್ನಾಗಲಿ, ಮನೆ ಕಟ್ಟುವವನನ್ನಾಗಲಿ, ಕೊಳಲು ನುಡಿಸುವವನನ್ನಾಗಲಿ ಯಾರೂ ಚೀಟಿ ಎತ್ತಿ ಆರಿಸುವುದಿಲ್ಲ. ಅವರು ಮಾಡುವ ತಪ್ಪಿಗಿಂತ ಆಳುವವರು ಮಾಡುವ ತಪ್ಪು ಎಷ್ಟೋ ಹೆಚ್ಚಿನ ಹಾನಿ ತರುವಾಗ ಅಲ್ಲಿ ಮಾತ್ರ ಚೀಟಿ ಏಕೆ ಎಂಬುದು ಸಾಕ್ರಟೀಸನ ವಾದವಾಗಿತ್ತೆಂದು ಅವನ ಶಿಷ್ಯ ಕ್ಸೆನೊಫೊನ್ ಬರೆದಿಟ್ಟಿದ್ದಾನೆ. ಈ ವಾದಕ್ಕೆ ತೃಪ್ತಿಕರವಾದ ಉತ್ತರ ನನಗೆ ಇದುವರೆಗೆ ಸಿಕ್ಕಿಲ್ಲ.

ಓಲೆಗರಿ:

ಕಡಲಂಚು ಅವರೇ, ಅಥೆನ್ಸಿನವರು ಆ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡದಿದ್ದರೂ ನಡೆಯಲ್ಲಿ ಕೊಟ್ಟಿದ್ದರು. ಎಲ್ಲವನ್ನೂ ಅವರು ಚೀಟಿಗೆ ಬಿಡಲಿಲ್ಲ. ಹತ್ತು ಮಂದಿ ದಂಡನಾಯಕರನ್ನು ಜನಸಭೆ ಕೈ ಎತ್ತಿ ಆರಿಸುತ್ತಿತ್ತು, ಮತ್ತು ಅವರು ಎಷ್ಟು ಸಲ ಬೇಕಾದರೂ ಮರಳಿ ಆಯ್ಕೆಯಾಗಬಹುದಿತ್ತು. ಪೆರಿಕ್ಲೀಸನ ದೀರ್ಘ ಪ್ರಭಾವದ ಹಿಂದೆ ಇದ್ದದ್ದು ಈ ದಾರಿಯೇ. ವರ್ಷದಿಂದ ವರ್ಷಕ್ಕೆ ಅವನು ದಂಡನಾಯಕನಾಗಿ ಆಯ್ಕೆಯಾಗುತ್ತ ಹೋದ. ಕ್ರಿ.ಪೂ. 4ನೆಯ ಶತಮಾನದ ಆಡಳಿತವನ್ನು ವಿವರಿಸುವ, ಅರಿಸ್ಟಾಟಲನ ಪಾಠಶಾಲೆಯಲ್ಲಿ ರಚಿತವಾದ 'ಅಥೇನಿಯರ ಸಂವಿಧಾನ'ದಲ್ಲಿ ಒಂದು ಸಾಲಿದೆ: ನಿತ್ಯದ ಆಡಳಿತದ ಹುದ್ದೆಗಳನ್ನೆಲ್ಲ ಚೀಟಿಯಿಂದ ತುಂಬುತ್ತಾರೆ, ಆದರೆ ಸೇನಾ ಬೊಕ್ಕಸದ ಅಧಿಕಾರಿ, ಉತ್ಸವ ನಿಧಿಯ ಮೇಲ್ವಿಚಾರಕರು ಮತ್ತು ನೀರಿನ ಸೆಲೆಗಳನ್ನು ನೋಡಿಕೊಳ್ಳುವವನನ್ನು ಮಾತ್ರ ಕೈ ಎತ್ತಿ ಆರಿಸುತ್ತಾರೆ ಎಂದು. ಯುದ್ಧದ ಹಣದ ಜೊತೆಗೆ ಕುಡಿಯುವ ನೀರನ್ನೂ ಅವರು ಅನುಭವಿಗಳ ಕೈಗೇ ಒಪ್ಪಿಸಿದರು. ಆಟಿಕಾದಂತಹ ಒಣನೆಲದಲ್ಲಿ ಬದುಕಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಗ್ರಂಥದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಶತಮಾನಗಳ ಕಾಲ ಇದು ಕಳೆದುಹೋಗಿತ್ತು. ಈಜಿಪ್ಟಿನ ಮರಳಿನಲ್ಲಿ ಉಳಿದಿದ್ದ ಪಪೈರಸ್ ಸುರುಳಿಗಳಲ್ಲಿ ಸಿಕ್ಕಿದ ಪಠ್ಯವನ್ನು ಬ್ರಿಟಿಷ್ ಮ್ಯೂಸಿಯಂನ ಫ್ರೆಡೆರಿಕ್ ಕೆನ್ಯನ್ 1891ರಲ್ಲಿ ಪ್ರಕಟಿಸಿದರು. ಆ ಸುರುಳಿಗಳ ಇನ್ನೊಂದು ಬದಿಯಲ್ಲಿ ಇದ್ದದ್ದು ಒಂದು ಜಮೀನಿನ ಖರ್ಚುವೆಚ್ಚದ ಲೆಕ್ಕ! ಯಾರೋ ಹಳೆಯ ಲೆಕ್ಕದ ಕಾಗದದ ಹಿಂಬದಿಯಲ್ಲಿ ನಕಲು ಮಾಡಿಕೊಂಡಿದ್ದರಿಂದ ನಮಗೆ ಇಷ್ಟೆಲ್ಲ ತಿಳಿಯಿತು.

ಲೆಕ್ಕಪರಿಶೋಧಕ:

ಸರ್ಕಾರಿ ಲೆಕ್ಕಗಳನ್ನು ಪರಿಶೀಲಿಸುವ ಕೆಲಸದಲ್ಲಿ ಆಯಸ್ಸು ಕಳೆದವನಾದ್ದರಿಂದ, ಚೀಟಿಗಿಂತ ಅದರ ಹಿಂದೆ ಮತ್ತು ಮುಂದೆ ಇದ್ದ ತಪಾಸಣೆಗಳೇ ನನಗೆ ಮುಖ್ಯವಾಗಿ ಕಾಣುತ್ತವೆ. ಹೆಸರು ಬಂದ ಮಾತ್ರಕ್ಕೆ ಅಧಿಕಾರ ಸಿಗುತ್ತಿರಲಿಲ್ಲ. ಮೊದಲು ಡೊಕಿಮಾಸಿಯಾ ಎಂಬ ವಿಚಾರಣೆ ನಡೆಯುತ್ತಿತ್ತು. ಆರ್ಕನ್ ಎಂಬ ಉನ್ನತ ಅಧಿಕಾರಿಯ ಹುದ್ದೆಗೆ ಬಂದವನನ್ನು ಕೇಳುತ್ತಿದ್ದ ಪ್ರಶ್ನೆಗಳು ಹೀಗಿದ್ದವು: ನಿನ್ನ ತಂದೆ ಯಾರು, ಅವನ ಊರು ಯಾವುದು, ತಾಯಿ ಯಾರು, ಅವಳ ತಂದೆ ಯಾರು, ನಿನ್ನ ಮನೆತನದ ಸಮಾಧಿಗಳು ಎಲ್ಲಿವೆ, ತಂದೆತಾಯಿಯರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯೋ, ತೆರಿಗೆ ಕಟ್ಟಿದ್ದೀಯೋ, ದಂಡಯಾತ್ರೆಗಳಲ್ಲಿ ಭಾಗವಹಿಸಿದ್ದೀಯೋ. ಬಳಿಕ ಸಾಕ್ಷಿಗಳನ್ನು ಕರೆದು, ಇವನ ಮೇಲೆ ಆಕ್ಷೇಪಣೆ ಇರುವವರು ಯಾರಾದರೂ ಇದ್ದಾರೆಯೇ ಎಂದು ಬಹಿರಂಗವಾಗಿ ಕೇಳುತ್ತಿದ್ದರು. ಕೆಲಸದ ಸಾಮರ್ಥ್ಯದ ಬಗ್ಗೆ ಇಲ್ಲಿ ಒಂದು ಪ್ರಶ್ನೆಯೂ ಇಲ್ಲ ಎಂಬುದನ್ನು ಗಮನಿಸಬೇಕು. ಮನೆಯಲ್ಲಿ, ಊರಿನಲ್ಲಿ, ಯುದ್ಧದಲ್ಲಿ ಹೇಗೆ ನಡೆದುಕೊಂಡಿದ್ದಾನೆ ಎಂಬುದೇ ಅವರಿಗೆ ಬೇಕಾದ ಅರ್ಹತೆಯಾಗಿತ್ತು.

ಅಧಿಕಾರದಲ್ಲಿ ಇರುವಾಗಲೂ ನೆಮ್ಮದಿ ಇರಲಿಲ್ಲ. ಹತ್ತು ಅವಧಿಗಳಲ್ಲಿ ಪ್ರತಿಯೊಂದರಲ್ಲೂ ಜನಸಭೆಯ ಮುಖ್ಯ ಅಧಿವೇಶನದಲ್ಲಿ, ಅಧಿಕಾರಿಗಳು ಸರಿಯಾಗಿ ಕೆಲಸ ಮಾಡುತ್ತಿದ್ದಾರೆಯೇ ಎಂದು ಮತಕ್ಕೆ ಹಾಕುತ್ತಿದ್ದರು. ವರ್ಷ ಮುಗಿದ ಮೇಲೆ ಯೂಥಿನಾ, ಅಂದರೆ ಲೆಕ್ಕ ಒಪ್ಪಿಸುವ ವಿಧಿ. ಲೆಕ್ಕ ತಪ್ಪಿದರೆ ನ್ಯಾಯಾಲಯಕ್ಕೆ ಹೋಗಬೇಕಿತ್ತು. ಅಲ್ಲದೆ ಹೆಚ್ಚಿನ ಹುದ್ದೆಗಳಲ್ಲಿ ಒಬ್ಬನೇ ಇರುತ್ತಿರಲಿಲ್ಲ, ಹತ್ತು ಜನರ ಮಂಡಳಿ ಇರುತ್ತಿತ್ತು. ಸಂತೆಯ ತೂಕ ಮತ್ತು ಅಳತೆ ನೋಡುವವರಿಂದ ಹಿಡಿದು ಬೀದಿಯ ಕಸ ತೆಗೆಸುವವರ ವರೆಗೆ ಹೀಗೆಯೇ. ಒಬ್ಬ ಕೈಲಾಗದವನೋ ಕಳ್ಳನೋ ಬಂದು ಸೇರಿದರೂ ಉಳಿದವರ ಕಣ್ಣು ತಪ್ಪಿಸಿ ಏನೂ ಮಾಡುವುದು ಸುಲಭವಿರಲಿಲ್ಲ. ನನ್ನ ಮಟ್ಟಿಗೆ ಹೊಂಗೆನೆರಳು ಅವರ ಪ್ರಶ್ನೆಗೆ ಉತ್ತರ ಇಲ್ಲಿದೆ. ಅವರು ಅದೃಷ್ಟವನ್ನು ನಂಬಿ ಕೂತವರಲ್ಲ. ಯಾರನ್ನೂ ಪೂರ್ತಿ ನಂಬದವರು.

ತುಂಗಾತೀರ:

ಇಷ್ಟು ಹೊತ್ತಿನ ಮೆಚ್ಚುಗೆಯ ನಡುವೆ ಒಂದು ಮುಖ್ಯ ಸಂಗತಿ ಮರೆಯಾಗುತ್ತಿದೆ ಎಂದು ನನಗೆ ನೋವಿನಿಂದ ಹೇಳಬೇಕಾಗಿದೆ. ಚೀಟಿಯಲ್ಲಿ ಹೆಸರು ಇರುತ್ತಿದ್ದುದು ಯಾರದ್ದು? ಹೆಂಗಸರದ್ದಲ್ಲ. ಹೊರಗಿನಿಂದ ಬಂದು ತಲೆಮಾರುಗಳಿಂದ ಅಲ್ಲಿಯೇ ದುಡಿಯುತ್ತಿದ್ದ ಮೆಟಿಕರದ್ದಲ್ಲ. ಕ್ರಿ.ಪೂ. 451ರಲ್ಲಿ ಪೆರಿಕ್ಲೀಸನೇ ತಂದ ಕಾನೂನಿನ ಪ್ರಕಾರ ತಂದೆ ಮತ್ತು ತಾಯಿ ಇಬ್ಬರೂ ಪೌರ ಕುಟುಂಬದವರಾಗಿದ್ದರೆ ಮಾತ್ರ ಮಗ ಪೌರ. ತಾಯಿಯ ಹುಟ್ಟನ್ನು ಲೆಕ್ಕಕ್ಕೆ ಹಿಡಿದರು, ಆದರೆ ಆ ತಾಯಿ ಸಭೆಯಲ್ಲಿ ಬಾಯಿ ತೆರೆಯುವಂತಿರಲಿಲ್ಲ.

ಗುಲಾಮರ ವಿಷಯಕ್ಕೆ ಬಂದರೆ, ಲಾರಿಯನ್ನಿನ ಬೆಳ್ಳಿ ಗಣಿಗಳ ಇಕ್ಕಟ್ಟಿನ ಸುರಂಗಗಳಲ್ಲಿ ಕಲ್ಲು ಒಡೆದವರು ಅವರೇ. ಆ ಬೆಳ್ಳಿಯಿಂದಲೇ ಅಥೆನ್ಸಿನ ನಾಯಕ ಥೆಮಿಸ್ಟೊಕ್ಲೀಸ್ ಹಡಗುಪಡೆ ಕಟ್ಟಿಸಿದ್ದು, ಕ್ರಿ.ಪೂ. 480ರಲ್ಲಿ ಸಲಾಮಿಸ್ ಕೊಲ್ಲಿಯಲ್ಲಿ ಪಾರಸಿಕರನ್ನು ಸೋಲಿಸಿದ್ದು. ಇನ್ನೂ ಒಂದು ಸಂಗತಿ ನನ್ನನ್ನು ಕಾಡುತ್ತದೆ. ವರ್ಷಕ್ಕೊಮ್ಮೆ ಅಧಿಕಾರಿಗಳು ಬದಲಾಗುತ್ತಿದ್ದಾಗ ದಾಖಲೆ ಯಾವ ಕಪಾಟಿನಲ್ಲಿದೆ, ಕಳ್ಳನಾಣ್ಯ ಯಾವುದು ಎಂದು ವರ್ಷವರ್ಷವೂ ತಿಳಿದಿರುತ್ತಿದ್ದವರು ನಗರದ ಒಡೆತನದಲ್ಲಿದ್ದ ಗುಲಾಮರು. ಕ್ರಿ.ಪೂ. 375ರ ಸುಮಾರಿನ ಕಾನೂನೊಂದರ ಶಿಲಾಶಾಸನ ಅಥೆನ್ಸಿನ ಸಂತೆಯ ಬಯಲಾದ ಅಗೋರಾದ ಉತ್ಖನನದಲ್ಲಿ ಸಿಕ್ಕಿದೆ. ಸಂತೆಯಲ್ಲಿ ಬೆಳ್ಳಿ ನಾಣ್ಯಗಳನ್ನು ಪರೀಕ್ಷಿಸಲು ಒಬ್ಬ ಸಾರ್ವಜನಿಕ ಗುಲಾಮ ಕುಳಿತಿರಬೇಕು, ಅವನು ಒಳ್ಳೆಯದೆಂದ ನಾಣ್ಯವನ್ನು ವ್ಯಾಪಾರಿಗಳು ಒಪ್ಪಲೇಬೇಕು ಎಂದು ಅದು ವಿಧಿಸುತ್ತದೆ. ಅದೇ ಕಾನೂನು, ಅವನು ನಿಯಮದಂತೆ ಕುಳಿತು ಪರೀಕ್ಷಿಸದಿದ್ದರೆ ಐವತ್ತು ಚಾಟಿಯೇಟು ಎಂದೂ ಹೇಳುತ್ತದೆ. ಇಡೀ ಸಂತೆ ಒಪ್ಪಬೇಕಾದ ಮಾತು ಅವನದು, ಚಾಟಿಗೆ ಒಡ್ಡಬೇಕಾದ ಬೆನ್ನೂ ಅವನದೇ. ಅನುಭವವಿಲ್ಲದ ಪೌರರ ಆಡಳಿತ ಸುಗಮವಾಗಿ ನಡೆದದ್ದು ಹೆಸರೇ ಇಲ್ಲದ ಇಂತಹ ಅನುಭವಿಗಳ ಹೆಗಲ ಮೇಲೆ ಎಂಬುದನ್ನು ಮಕ್ಕಳಿಗೆ ಹೇಳದಿದ್ದರೆ ಪಾಠ ಅರ್ಧ ಸತ್ಯವಾಗುತ್ತದೆ.

ಕಡಲಂಚು:

ತುಂಗಾತೀರ ಅವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಸಾಮ್ರಾಜ್ಯದ ಕಪ್ಪಕಾಣಿಕೆಯನ್ನೂ ಸೇರಿಸಬೇಕು. ಡೆಲೋಸ್ ದ್ವೀಪದಲ್ಲಿದ್ದ, ಅಥೆನ್ಸ್ ಮುಂದಾಳಾಗಿದ್ದ ಗ್ರೀಕ್ ನಗರಗಳ ಮಿತ್ರಕೂಟದ ಖಜಾನೆಯನ್ನು ಕ್ರಿ.ಪೂ. 454ರಲ್ಲಿ ಅಥೆನ್ಸಿಗೆ ಸಾಗಿಸಿದ ಮೇಲೆ, ಮಿತ್ರರ ಹಣ ಅಥೆನ್ಸಿನ ಹಣವಾಗಿಬಿಟ್ಟಿತು. ಬಡವರು ನ್ಯಾಯಾಲಯದಲ್ಲಿ ಕುಳಿತು ದಿನಗೂಲಿ ಪಡೆಯುವುದು ಸಾಧ್ಯವಾದದ್ದು ಆ ಹಣದಿಂದಲೇ ಅಲ್ಲವೇ?

ಓಲೆಗರಿ:

ಹೆಂಗಸರು ಮತ್ತು ಗುಲಾಮರ ವಿಷಯದಲ್ಲಿ ತುಂಗಾತೀರ ಅವರು ಹೇಳಿದ್ದಕ್ಕೆ ಎದುರು ಮಾತಿಲ್ಲ. ನಾನು ಅದನ್ನು ಮೊದಲೇ ಬರೆಯಬೇಕಾಗಿತ್ತು. ಅವರು ಹೇಳಿದ್ದಕ್ಕೆ ಒಂದು ಶಾಸನವನ್ನು ಸೇರಿಸಬಲ್ಲೆ. ಕ್ರಿ.ಪೂ. 409ರಿಂದ 407ರ ವರೆಗಿನ ಎರೆಕ್ತಿಯಮ್ ದೇವಾಲಯದ ಕಟ್ಟಡದ ಲೆಕ್ಕಗಳಲ್ಲಿ ಪೌರ, ಮೆಟಿಕ, ಗುಲಾಮ ಮೂವರೂ ಒಂದೇ ಕಂಬದ ಗೀರುಗಳನ್ನು ಕೆತ್ತುತ್ತಿರುವುದೂ, ಒಂದೇ ಕೆಲಸಕ್ಕೆ ಒಂದೇ ದರದಲ್ಲಿ ಕೂಲಿ ನಮೂದಾಗಿರುವುದೂ ಕಾಣುತ್ತದೆ. ಗುಲಾಮನ ಕೂಲಿ ಅವನ ಒಡೆಯನ ಪಾಲಾಗುತ್ತಿತ್ತು.

ಸಾಮ್ರಾಜ್ಯದ ಹಣದ ಬಗ್ಗೆ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿದೆ. ನ್ಯಾಯದರ್ಶಿಗಳಿಗೆ ದಿನಭತ್ಯೆಯನ್ನು ಪೆರಿಕ್ಲೀಸ್ ಆರಂಭಿಸಿದ, ಅವನ ನಂತರದ ನಾಯಕ ಕ್ಲಿಯೋನ್ ಅದನ್ನು ಮೂರು ಓಬಾಲ್‌ಗೆ ಏರಿಸಿದ. ಆರು ಓಬಾಲ್ ಸೇರಿದರೆ ಒಂದು ಡ್ರಾಕ್ಮಾ. ಎರೆಕ್ತಿಯಮ್‌ನಲ್ಲಿ ಒಬ್ಬ ಕೆಲಸಗಾರನ ದಿನಗೂಲಿ ಒಂದು ಡ್ರಾಕ್ಮಾ, ಆದ್ದರಿಂದ ಈ ಭತ್ಯೆ ಅದರ ಅರ್ಧ. ಆದರೆ ಕ್ರಿ.ಪೂ. 404ರಲ್ಲಿ ಸ್ಪಾರ್ಟಾದ ಎದುರು ಸೋತು ಸಾಮ್ರಾಜ್ಯವೆಲ್ಲ ಕೈಬಿಟ್ಟುಹೋದ ಮೇಲೆ ಅವರು ಭತ್ಯೆಯನ್ನು ನಿಲ್ಲಿಸಲಿಲ್ಲ. ಬದಲಾಗಿ ಜನಸಭೆಗೆ ಬಂದವರಿಗೂ ಭತ್ಯೆ ಕೊಡಲು ಹೊಸದಾಗಿ ಆರಂಭಿಸಿದರು. ಬಡತನದ ಆ ದಿನಗಳಲ್ಲಿಯೂ ಅವರು ಮೊದಲು ಉಳಿಸಿಕೊಂಡದ್ದು ಇದನ್ನು. ನನಗೆ ಈ ಸಂಗತಿ ದೊಡ್ಡದಾಗಿ ಕಾಣುತ್ತದೆ.

ಸಲಾಮಿಸ್ ಯುದ್ಧದ ಪ್ರಸ್ತಾಪ ಬಂದಿದ್ದರಿಂದ ಹೇಳುತ್ತೇನೆ: ಒಂದು ಟ್ರೈರೀಮ್ ಹಡಗಿಗೆ 170 ಹುಟ್ಟುಗಾರರು ಬೇಕಿತ್ತು, ಅವರಲ್ಲಿ ದೊಡ್ಡ ಪಾಲು ಕತ್ತಿ, ಕವಚ ಕೊಳ್ಳಲಾಗದ ಬಡ ಪೌರರು. ನಗರವನ್ನು ಉಳಿಸಿದ ತೋಳುಗಳಿಗೆ ಆಡಳಿತದಲ್ಲಿ ಪಾಲಿಲ್ಲ ಎನ್ನುವುದು ಆಮೇಲೆ ಕಷ್ಟವಾಯಿತು. ಆ ಯುದ್ಧದ ಮೇಲೆ ಎಸ್ಕಿಲಸ್ ಬರೆದ ನಾಟಕವನ್ನು ಬಿ.ಎಂ.ಶ್ರೀಯವರು 'ಪಾರಸಿಕರು' ಎಂದು ಕನ್ನಡಕ್ಕೆ ತಂದಿದ್ದಾರೆ. ಆ ನಾಟಕದಲ್ಲಿ ಪಾರಸಿಕರ ರಾಜಮಾತೆ, ಈ ಅಥೇನಿಯರಿಗೆ ಒಡೆಯ ಯಾರು ಎಂದು ಕೇಳುತ್ತಾಳೆ. ಅವರು ಯಾರ ಆಳೂ ಅಲ್ಲವಂತೆ ಎಂಬ ಅರ್ಥದ ಉತ್ತರ ಅವಳಿಗೆ ಸಿಗುತ್ತದೆ. ತರಗತಿಯಲ್ಲಿ ಓದಿಸಲು ಒಳ್ಳೆಯ ಭಾಗ.

ಹಳೆಬೇರು:

ದೂರದ ಗ್ರೀಸಿಗೇ ಏಕೆ ಹೋಗಬೇಕು? ಕಾಂಚೀಪುರದ ಹತ್ತಿರದ ಉತ್ತರಮೇರೂರಿನಲ್ಲಿ ಚೋಳ ಪರಾಂತಕನ ಕಾಲದ ಶಾಸನಗಳಿವೆ. ತಾಳೆಗರಿಯ ಚೀಟಿಗಳನ್ನು ಮಡಕೆಯಲ್ಲಿ ಹಾಕಿ, ಚಿಕ್ಕ ಹುಡುಗನಿಂದ ಎತ್ತಿಸಿ ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುತ್ತಿದ್ದರು. ನಮ್ಮ ಪಂಚಾಯಿತಿ ಚುನಾವಣೆಗಳಲ್ಲಿ ಇಬ್ಬರಿಗೂ ಸಮನಾದ ಮತ ಬಂದರೆ ಇಂದಿಗೂ ಚೀಟಿ ಎತ್ತಿಯೇ ತೀರ್ಮಾನಿಸುತ್ತಾರೆ. ಅಥೆನ್ಸಿನವರು ಇದನ್ನು ನಮ್ಮವರಿಂದ ಕಲಿತಿರಬಹುದೇ?

ಓಲೆಗರಿ:

ಉತ್ತರಮೇರೂರಿನ ಶಾಸನಗಳು ಕ್ರಿ.ಶ. 919 ಮತ್ತು 921ರವು. ಕ್ಲೈಸ್ತೆನೀಸನಿಂದ ಸಾವಿರದ ನಾನೂರು ವರ್ಷಗಳ ಈಚಿನವು. ಒಂದರಿಂದ ಇನ್ನೊಂದು ಬಂದಿತು ಎನ್ನಲು ಆಧಾರವಿಲ್ಲ. ಆದರೆ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. ಉತ್ತರಮೇರೂರಿನಲ್ಲಿ ಚೀಟಿಗೆ ಹೆಸರು ಸೇರಬೇಕಾದರೆ ಸ್ವಂತ ಜಮೀನು, ಸ್ವಂತ ಮನೆ, ವಯಸ್ಸು 35ರಿಂದ 70ರ ಒಳಗೆ, ವೇದಜ್ಞಾನ ಇವೆಲ್ಲ ಬೇಕಾಗಿದ್ದವು. ಅದು ಬ್ರಾಹ್ಮಣರ ಊರಿನ ಸಭೆ. ಹಿಂದಿನ ಸಮಿತಿಗಳಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನೂ, ಅವನ ಹತ್ತಿರದ ನೆಂಟರ ಹೆಸರುಗಳನ್ನೂ ಮಡಕೆಗೆ ಹಾಕುವಂತಿರಲಿಲ್ಲ. ಲೆಕ್ಕಪರಿಶೋಧಕ ಅವರು ಇದನ್ನು ಖಂಡಿತ ಮೆಚ್ಚುತ್ತಾರೆ. ಪಂಚಾಯಿತಿಯ ಚೀಟಿ ಬೇರೆಯದು. ಅಲ್ಲಿ ಮತ ಸೋತು ಕೈಚೆಲ್ಲಿದ ಮೇಲೆ ಚೀಟಿ ಬರುತ್ತದೆ.

ಲೆಕ್ಕಪರಿಶೋಧಕ:

ಮೆಚ್ಚಿದೆ, ನೆಂಟರನ್ನೂ ಸೇರಿಸಿದ್ದಕ್ಕೆ ಇನ್ನೂ ಹೆಚ್ಚು ಮೆಚ್ಚಿದೆ.

ಮತದಾನವನ್ನು ಅಥೆನ್ಸಿನವರು ಏಕೆ ಅನುಮಾನದಿಂದ ನೋಡಿದರು ಎಂಬುದಕ್ಕೆ ಮಣ್ಣಿನಲ್ಲಿಯೇ ಸಾಕ್ಷಿ ಸಿಕ್ಕಿದೆ. ಅಪಾಯಕಾರಿ ಎನಿಸಿದ ನಾಯಕನನ್ನು ಹತ್ತು ವರ್ಷ ಗಡೀಪಾರು ಮಾಡಲು ಮಡಕೆಯ ಚೂರುಗಳ ಮೇಲೆ ಅವನ ಹೆಸರು ಗೀಚಿ ಮತ ಹಾಕುವ ಪದ್ಧತಿಯೊಂದಿತ್ತು. ಅಕ್ರೊಪೊಲಿಸ್ ಗುಡ್ಡದ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಥೆಮಿಸ್ಟೊಕ್ಲೀಸನ ಹೆಸರಿರುವ ಸುಮಾರು 190 ಚೂರುಗಳು ಒಟ್ಟಿಗೆ ಸಿಕ್ಕಿದವು. ಅಕ್ಷರಗಳನ್ನು ಹೋಲಿಸಿದಾಗ ಅಷ್ಟನ್ನೂ ಬರೆದವರು ಹದಿನಾಲ್ಕು ಮಂದಿ ಎಂದು ತಿಳಿದುಬಂತು. ಮತದಾರರಿಗೆ ಹಂಚಲು ಯಾರೋ ಮುಂಚೆಯೇ ಬರೆಸಿಟ್ಟಿದ್ದರು.

ಕಡಲಂಚು:

ಹಾಗೆಂದು ಚೀಟಿಯಿಂದ ಬಂದವರು ಜನಸಭೆಯ ಆವೇಶವನ್ನು ತಡೆಯಬಲ್ಲವರಾಗಿದ್ದರೇ? ಕ್ರಿ.ಪೂ. 406ರ ಆರ್ಗಿನುಸೇ ಪ್ರಕರಣವನ್ನು ನೆನೆಯಬೇಕು. ಆ ಸಮುದ್ರಯುದ್ಧವನ್ನು ಅಥೆನ್ಸ್ ಗೆದ್ದಿತು. ಆದರೆ ಮುರಿದ ಹಡಗುಗಳಿಗೆ ಅಂಟಿಕೊಂಡಿದ್ದ ನಾವಿಕರನ್ನು ಬಿರುಗಾಳಿಯ ಕಾರಣ ರಕ್ಷಿಸಲಾಗಲಿಲ್ಲ. ಊರಿನಲ್ಲಿ ಶೋಕ ಕೋಪವಾಗಿ ತಿರುಗಿತು. ಎಂಟು ದಂಡನಾಯಕರ ಮೇಲೆ ಒಂದೇ ಮತದಲ್ಲಿ ತೀರ್ಪು ಕೊಡಬೇಕೆಂಬ ಸಲಹೆ ಸಭೆಯ ಮುಂದೆ ಬಂತು. ಪ್ರತಿಯೊಬ್ಬನಿಗೂ ಬೇರೆಯ ವಿಚಾರಣೆ ಬೇಕೆಂಬ ನಿಯಮಕ್ಕೆ ಇದು ವಿರುದ್ಧವಾಗಿತ್ತು. ಮತಕ್ಕೆ ಹಾಕುವುದಿಲ್ಲ ಎಂದ, ಅಂದು ಸರದಿಯಲ್ಲಿದ್ದ ಐವತ್ತು ಬೂಲೆ ಸದಸ್ಯರಲ್ಲಿ ಕೆಲವರು, ತಮ್ಮನ್ನೂ ಅದೇ ಪಟ್ಟಿಗೆ ಸೇರಿಸುತ್ತೇವೆಂಬ ಬೆದರಿಕೆ ಕೇಳಿ ಹಿಂದೆ ಸರಿದರು. ಸರಿಯದೆ ನಿಂತವನು ಒಬ್ಬನೇ. ಆರು ಮಂದಿಗೆ ಮರಣದಂಡನೆಯಾಯಿತು, ಇನ್ನಿಬ್ಬರು ಊರಿಗೆ ಮರಳಿಯೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಜನರು ಪಶ್ಚಾತ್ತಾಪಪಟ್ಟರು.

ಆ ಒಬ್ಬನು ಸಾಕ್ರಟೀಸ್. ನಾನು ಮೇಲೆ ಅವನ ವಾದವನ್ನು ಎತ್ತಿದ್ದೆ. ಈಗ ಬರೆಯುತ್ತಿರುವಾಗ ಹೊಳೆಯುತ್ತಿದೆ, ಚೀಟಿಯನ್ನು ಪ್ರಶ್ನಿಸಿದ ಆ ಮನುಷ್ಯ ಅಂದು ಆ ಜಾಗದಲ್ಲಿ ಕುಳಿತಿದ್ದುದು ಚೀಟಿಯಿಂದಲೇ. ಅರವತ್ತು ದಾಟಿದ್ದ, ಕಲ್ಲುಕುಟಿಗನ ಮಗನಾದ ಸಾಕ್ರಟೀಸನನ್ನು ಯಾವ ಚುನಾವಣೆಯೂ ಅಲ್ಲಿಗೆ ಕರೆತರುತ್ತಿರಲಿಲ್ಲ. ಇದು ನನ್ನ ವಾದವನ್ನು ಸ್ವಲ್ಪ ಸಡಿಲಗೊಳಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಹೊಂಗೆನೆರಳು:

ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಾಳೆಯ ತರಗತಿಯಲ್ಲಿ ಮಕ್ಕಳನ್ನೇ ಹತ್ತು ಬಣಗಳಾಗಿ ಮಾಡಿ, ತುಂಗಾತೀರ ಅವರ ಮಾತಿನಂತೆ ಕೆಲವರನ್ನು ಮೊದಲೇ ಹೊರಗೆ ನಿಲ್ಲಿಸಿ, ಚೀಟಿ ಎತ್ತಿಸಬೇಕೆಂದಿದ್ದೇನೆ. ಹೊರಗೆ ನಿಂತವರು ಏನು ಹೇಳುತ್ತಾರೆ ಎಂಬುದನ್ನೇ ಮೊದಲು ಕೇಳುತ್ತೇನೆ. ಚೀಟಿ ಎತ್ತಲು ಅವರು ನಿಜವಾಗಿ ಬಳಸುತ್ತಿದ್ದ ಸಾಧನ ಯಾವುದು ಎಂದು ಯಾರಾದರೂ ತಿಳಿಸಿದರೆ ಅದನ್ನೂ ರಟ್ಟಿನಲ್ಲಿ ಮಾಡಿ ತೋರಿಸಬಹುದು.

ಓಲೆಗರಿ:

ರಟ್ಟಿನಲ್ಲಿ ಸುಲಭವಾಗಿ ಮಾಡಬಹುದು. ನ್ಯಾಯದರ್ಶಿಗಳ ಆಯ್ಕೆಗೆ ಬಳಸುತ್ತಿದ್ದ ಅದರ ಹೆಸರು ಕ್ಲೆರೊಟೆರಿಯಾನ್. ಪೈಲೋಸ್ ಕೋಟೆಯನ್ನು ಕಳೆದುಕೊಂಡ ಆನಿಟಸ್ ಎಂಬ ದಂಡನಾಯಕ ಇಡೀ ನ್ಯಾಯಮಂಡಳಿಗೆ ಲಂಚ ಕೊಟ್ಟು ಪಾರಾದನೆಂದು, ಅಂತಹ ಲಂಚಕ್ಕೆ ಅವನೇ ಮೊದಲಿಗನೆಂದು 'ಅಥೇನಿಯರ ಸಂವಿಧಾನ' ಹೇಳುತ್ತದೆ. ಮುಂದೆ ಸಾಕ್ರಟೀಸನ ಮೇಲೆ ಮೊಕದ್ದಮೆ ಹೂಡಿದ ಮೂವರಲ್ಲಿ ಇವನೂ ಒಬ್ಬ. ಯಾವ ಮೊಕದ್ದಮೆಗೆ ಯಾರು ಕೂರುತ್ತಾರೆಂದು ಅಂದಿನ ಬೆಳಗಿನ ವರೆಗೂ ಯಾರಿಗೂ ತಿಳಿಯದಂತೆ ಮಾಡಿದ್ದು ಇಂತಹ ಲಂಚವನ್ನು ತಡೆಯುವುದಕ್ಕಾಗಿಯೇ.

ಒಂದು ನಿಲುವಾದ ಹಲಗೆ, ಅದರ ಮೇಲೆ ಸಾಲುಸಾಲಾಗಿ ಸೀಳುಗಳು. ಪ್ರತಿಯೊಬ್ಬನೂ ತನ್ನ ಹೆಸರು, ಊರು ಕೊರೆದ ಪಟ್ಟಿಯನ್ನು ತರುತ್ತಾನೆ. ಆ ಪಟ್ಟಿಗಳನ್ನು ಸೀಳುಗಳಲ್ಲಿ ತುಂಬುತ್ತಾರೆ. ಪಕ್ಕದಲ್ಲಿ ಒಂದು ಕೊಳವೆ, ಅದರ ಮೇಲಿನಿಂದ ಬಿಳಿ ಮತ್ತು ಕಪ್ಪು ಗುಂಡುಗಳನ್ನು ಬೆರೆಸಿ ಸುರಿಯುತ್ತಾರೆ. ಕೆಳಗಿನಿಂದ ಒಂದೊಂದೇ ಗುಂಡನ್ನು ಬಿಡುತ್ತಾರೆ. ಬಿಳಿ ಬಂದರೆ ಮೊದಲ ಅಡ್ಡಸಾಲಿನವರೆಲ್ಲರೂ ಆಯ್ಕೆಯಾದರು, ಕಪ್ಪು ಬಂದರೆ ಅವರೆಲ್ಲರೂ ಪಟ್ಟಿ ತೆಗೆದುಕೊಂಡು ಮನೆಗೆ ಹೋಗಬೇಕು. ಬಳಿಕ ಎರಡನೆಯ ಸಾಲು. ಅಮೃತಶಿಲೆಯಲ್ಲಿ ಮಾಡಿದ ಇಂತಹ ಒಂದು ಹಲಗೆಯ ಭಾಗ ಅಥೆನ್ಸಿನ ಅಗೋರಾ ವಸ್ತುಸಂಗ್ರಹಾಲಯದಲ್ಲಿದೆ.

ಪಟ್ಟಿಗಳಲ್ಲಿ ಕಂಚಿನವು ಅನೇಕ ಸಿಕ್ಕಿವೆ. ಹಳೆಯ ಹೆಸರನ್ನು ತಟ್ಟಿ ಅಳಿಸಿ ಅದರ ಮೇಲೆಯೇ ಹೊಸ ಹೆಸರು ಕೊರೆದವೂ ಇವೆ. ಅವುಗಳಲ್ಲಿ ಹಲವು ಸಿಕ್ಕಿದ್ದು ನ್ಯಾಯಾಲಯದ ಅವಶೇಷಗಳಲ್ಲಿ ಅಲ್ಲ, ಸಮಾಧಿಗಳಲ್ಲಿ. ಸತ್ತವನ ಜೊತೆ ಮನೆಯವರು ಅವನ ಪಟ್ಟಿಯನ್ನೂ ಇಟ್ಟು ಮಣ್ಣು ಮಾಡಿದ್ದರು.